ಲೋವೆಲ್‌ನನ್ನು ನಾನು ಬಲ್ಲೆ

ಲೋವೆಲ್ ವಾವ್ರಾ ಬದುಕುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅವನ ಹೆಣ ಯಾರ ಪಾಲಿಗೆ ಎಂಬುದೊಂದೇ ಉಳಿದಿತ್ತು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಮಾರ್ಲಿಸ್‌ಗೆ ಅವನು ಉಂಗುರ ತೊಡಿಸಿರಲಿಲ್ಲ. ನಮ್ಮ ನೆಬ್ರಾಸ್ಕಾದ ಕಾನೂನಿನ ಕಣ್ಣಿಗೆ ಅವಳು ಯಾರೂ ಅಲ್ಲ. ಅರಿಜೋನಾದಲ್ಲಿರುವ ಅವನ ತಮ್ಮ ರೇಮಂಡನೇ ಹಕ್ಕುದಾರ. ಅವನೋ, ಮಾರ್ಲಿಸಳನ್ನು ಕಂಡರೆ ಉರಿದುಬೀಳುವವನು. ಚರ್ಚಿನ ಗುಡ್ಡದಲ್ಲಿ ಅವಳು ಕೊಂಡಿಟ್ಟ ಜೋಡಿ ಗೋರಿಯ ಜಾಗದಲ್ಲಿ ಮಲಗಬೇಕೆಂದರೆ, ತನ್ನ ಹೆಣದ ಹಕ್ಕು ಅವಳಿಗೇ ಎಂಬ ಪತ್ರಕ್ಕೆ ಲೋವೆಲ್ ಸಹಿ ಹಾಕಬೇಕು, ಅದಕ್ಕೆ ನೋಟರಿಯಾದ ನನ್ನ ಮುದ್ರೆ ಬೀಳಬೇಕು.

ಮೂವತ್ತು ವರ್ಷ ಆ ಮುದ್ರೆಯನ್ನು ಕೈಚೀಲದಲ್ಲಿಟ್ಟುಕೊಂಡು ಆಸ್ಪತ್ರೆ, ಅಡುಗೆಮನೆ, ದನದ ಕೊಟ್ಟಿಗೆ ಎನ್ನದೆ ಅಲೆದವಳು ನಾನು. ಆನ್‌ಲೈನಿನಲ್ಲೇ ಮುದ್ರೆ ಹಾಕಬಹುದೆಂಬ ಕಾನೂನು ಬಂದ ಮೇಲೆ ಮೈಗಳ್ಳಿಯಾದೆ. ಲೋವೆಲ್ ಇದ್ದ ಒಮಾಹಾದ ಆಸ್ಪತ್ರೆಗೆ ಕಾರಿನಲ್ಲಿ ಮೂರು ಗಂಟೆ. ಮನೆಯಲ್ಲೇ ಕೂತು ಕಂಪ್ಯೂಟರ್ ತೆರೆದೆ.

"ಏನೇ ಡೋರೀನ್, ಇನ್ನೂ ದಪ್ಪ ಆಗಿದೀಯಲ್ಲೇ!" ಎಂದ ಲೋವೆಲ್ ಪರದೆಯ ಮೇಲೆ. ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವನು.

"ಈಗಲೂ ನಿನ್ ಬಾಯಿ ಸುಮ್ನಿರಲ್ವಲ್ಲೋ. ಮೊದ್ಲು ಪ್ರಶ್ನೆಗೆ ಉತ್ತರ ಹೇಳು."

ಅವನೇ ಅವನು ಎಂದು ನಂಬಲು ಕಂಪ್ಯೂಟರ್ ಹಳೆಯ ದಾಖಲೆಗಳಿಂದ ಐದು ಪ್ರಶ್ನೆ ಹೆಕ್ಕಿ ಕೇಳುತ್ತದೆ. ಎರಡು ನಿಮಿಷದಲ್ಲಿ ನಾಲ್ಕಾದರೂ ಸರಿಯಾಗಬೇಕು. ಹಾಸಿಗೆಯ ಪಕ್ಕ ಕೂತಿದ್ದ ಮಾರ್ಲಿಸ್ ಗಟ್ಟಿಯಾಗಿ ಓದಿ, ಅವನು ಹೇಳಿದ್ದನ್ನು ಒತ್ತುತ್ತಿದ್ದಳು. ಔಷಧಿಯ ಮಂಪರಿನಲ್ಲಿ ಒಂದು ಆಗಲೇ ತಪ್ಪಿತ್ತು. ಕೊನೆಯದು: ಇವರಲ್ಲಿ ಯಾರ ಜೊತೆ ಒಂದೇ ವಿಳಾಸದಲ್ಲಿ ವಾಸವಾಗಿದ್ದಿರಿ?

ಪಟ್ಟಿಯಲ್ಲಿ ಐಡಾ ಹ್ರುಸ್ಕಾಳ ಹೆಸರಿತ್ತು. ಅವಳೊಂದಿಗೆ ಅವನು ಗ್ರ್ಯಾಂಡ್ ಐಲೆಂಡಿನಲ್ಲಿ ಎರಡು ವರ್ಷ ಸಂಸಾರ ಮಾಡಿದ್ದು ನಮ್ಮೂರಲ್ಲಿ ನನಗೊಬ್ಬಳಿಗೇ ಗೊತ್ತು. ಮಾರ್ಲಿಸ್‌ಗೆ ಮಾತ್ರ, ನಿನಗಿಂತ ಮುಂಚೆ ಯಾರೂ ಇರಲಿಲ್ಲ ಎಂದೇ ಹೇಳಿಕೊಂಡು ಬಂದಿದ್ದ.

"ಇವ್ರಲ್ಲಿ ಯಾರೂ ಅಲ್ಲ ಅಂತ ಒತ್ತು," ಎಂದ.

ತಪ್ಪು ಎಂದಿತು ಕಂಪ್ಯೂಟರ್. ಎರಡನೇ ಸಲ ಪ್ರಶ್ನೆಗಳು ಬದಲಾದವು, ಐಡಾ ಎರಡು ಕಡೆ ಬಂದಳು. ಎರಡಕ್ಕೂ ಅವನದು ಅದೇ ಉತ್ತರ. ಇನ್ನು ಇಪ್ಪತ್ನಾಲ್ಕು ಗಂಟೆ ಪ್ರಯತ್ನಿಸುವ ಹಾಗಿಲ್ಲ. ಎಲ್ಲ ರೆಕಾರ್ಡ್ ಆಗುತ್ತಿತ್ತು. ಸರಿಯುತ್ತರ ನಾನು ಎತ್ತಿಕೊಡುವ ಹಾಗಿರಲಿಲ್ಲ.

"ನಾಳೆ ಬೆಳಗ್ಗೆ ನಾನೇ ಬರ್ತೀನಿ ಕಣೋ," ಎಂದೆ. ಆವತ್ತು ಮಧ್ಯಾಹ್ನವೇ ಹೊರಡಬಹುದಿತ್ತು. ಹೊರಡಲಿಲ್ಲ.

ಮರುದಿನ ಲಿಂಕನ್ ದಾಟುವಾಗ ಮಾರ್ಲಿಸ್ ಫೋನ್ ಮಾಡಿದಳು. "ಹೋಗ್ಬಿಟ್ಟ ಕಣೇ," ಎಂದಳು.

ರೇಮಂಡ್ ಹೆಣವನ್ನು ಅರಿಜೋನಾಕ್ಕೆ ಒಯ್ದು ಸುಡಿಸಿದ. ಬೂದಿ ಎಲ್ಲಿ ಹಾಕಿದನೆಂದು ಅವಳಿಗೆ ಹೇಳಲೂ ಇಲ್ಲ.

ಆಮೇಲೆ ನಾನು ಕಾನೂನಿನ ಪುಸ್ತಕ ತೆರೆದೆ. ಸಹಿ ಹಾಕುವವರನ್ನು ನೋಟರಿ ಖುದ್ದಾಗಿ ಬಲ್ಲವಳಾದರೆ ಆ ಪ್ರಶ್ನೆಗಳೇ ಬೇಕಿಲ್ಲ, ಆನ್‌ಲೈನಿನಲ್ಲೂ ಬೇಕಿಲ್ಲ. 'ಇವರನ್ನು ನಾನು ಬಲ್ಲೆ' ಎಂಬ ಒಂದು ಚೌಕದಲ್ಲಿ ಗುರುತು ಹಾಕಿದ್ದರೆ ಸಾಕಿತ್ತು. ವರ್ಷಗಟ್ಟಲೆ ಗುರುತು ಪರಿಚಯವಿಲ್ಲದವರ ಸಹಿ ಮಾಡಿಸಿ ಮಾಡಿಸಿ ಆ ಚೌಕ ನನ್ನ ಕಣ್ಣಿಗೇ ಬೀಳದಂತಾಗಿತ್ತು. ಅವನು ಸುಳ್ಳು ಹೇಳಿದ್ದು ಯಾಕೆಂದು ಕೂಡ ಬಲ್ಲವಳು ನಾನು!

ನಿನ್ನೆ ಮಾರ್ಲಿಸ್ ಬಂದಿದ್ದಳು. ನಾನು ಅತ್ತಿದ್ದು ನೋಡಿ ನನ್ನ ಬೆನ್ನು ಸವರಿದಳು.

"ನೀನಾದ್ರೂ ಏನ್ ಮಾಡ್ತಿದ್ದೆ ಹೇಳು? ಕಾನೂನು ಅಂದ್ಮೇಲೆ ಕಾನೂನು."

"ಹೌದು," ಎಂದೆ.