ಡ್ರಮ್ಮಿನ ತಳದ ನೀರು

ಹೊಳೆ ದಾಟಿಸುವ ಮೋಟಾರು ದೋಣಿಯ ಯಜಮಾನನನ್ನು ಎರಡೂ ದಡದ ಜನ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಹಡಗೇನೂ ಅಲ್ಲ ಮಹಾರಾಯರೇ, ಹತ್ತು ಹನ್ನೆರಡು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುವಂಥ ದೋಣಿ, ಹಿಂದುಗಡೆ ಒಂದು ಪೆಟ್ರೋಲ್ ಎಂಜಿನ್. ಆದರೆ ಅವನು ಚುಕ್ಕಾಣಿ ಹಿಡಿದು ನಿಲ್ಲುವ ಗತ್ತು ನೋಡಿದರೆ ಏಳು ಸಮುದ್ರವೂ ಅವನ ಜೇಬಿನಲ್ಲಿವೆ ಅನ್ನಬೇಕು.

ಬೆಳಗಿನ ಮೊದಲ ಟ್ರಿಪ್ಪಿಗೆ ಕೆಲಸಕ್ಕೆ ಹೋಗುವವರೇ ಜಾಸ್ತಿ. ಒಬ್ಬ ಗಾರೆ ಮೇಸ್ತ್ರಿ, ಒಬ್ಬಳು ನರ್ಸಮ್ಮ, ಶಾಲೆಯ ಮಕ್ಕಳು, ಜೊತೆಗೆ ಕ್ಯಾಪ್ಟನ್ನನ ಹೆಂಡತಿ. ಅವಳು ಆಚೆ ದಡದ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಮದುವೆಯಾದಾಗಿನಿಂದ ಅವಳ ಜಾಗ ಒಂದೇ, ಎಂಜಿನ್ ಪಕ್ಕದ ಹಲಗೆ.

ಪೆಟ್ರೋಲ್ ಬಂಕ್ ದೂರ. ಹಾಗಾಗಿ ಕ್ಯಾಪ್ಟನ್ ತಿಂಗಳಿಗೆ ಬೇಕಾಗುವಷ್ಟನ್ನು ಒಂದೇ ಸಲಕ್ಕೆ ತಂದು, ದಡದ ತಗಡಿನ ಶೆಡ್ಡಿನಲ್ಲಿ ಕಬ್ಬಿಣದ ಡ್ರಮ್ಮಿಗೆ ತುಂಬಿಡುತ್ತಿದ್ದ. ಡ್ರಮ್ಮಿನ ತಳದಲ್ಲಿ ಒಂದು ನಲ್ಲಿ. ಮೇಲಿನ ಮುಚ್ಚಳವನ್ನು ಅವನು ಪೂರ್ತಿ ಬಿಗಿಯುತ್ತಿರಲಿಲ್ಲ, ಪೆಟ್ರೋಲಿಗೂ ಉಸಿರಾಡಲು ದಾರಿ ಬೇಕು ಎನ್ನುತ್ತಿದ್ದ. ಹೊಳೆಯ ಮಂಜು, ಸೂರಿನ ಹನಿ ಅಷ್ಟಿಷ್ಟು ಒಳಗಿಳಿಯುತ್ತಿತ್ತು. ಇಳಿದರೆ ಇಳಿಯಲಿ, ಅದಕ್ಕೆ ಮದ್ದು ಅವನ ಕೈಯಲ್ಲೇ ಇತ್ತಲ್ಲ. ದಿನಾ ಬೆಳಿಗ್ಗೆ ನಲ್ಲಿ ತಿರುಗಿಸಿ, ತಳದಲ್ಲಿ ಕೂತ ನೀರನ್ನು ಹೊರಗೆ ಬಿಟ್ಟು, ಬೆರಳಿಗೆ ಪೆಟ್ರೋಲು ತಣ್ಣಗೆ ತಾಗಿದ ಮೇಲೆ ದೋಣಿಯ ಟ್ಯಾಂಕಿಗೆ ಹಿಡಿಯುತ್ತಿದ್ದ. ಈ ಕೆಲಸಕ್ಕೆ ಅವನ ಮನೆತನದಲ್ಲಿ ನೀರು ಕಕ್ಕಿಸುವುದು ಎಂದು ಹೆಸರು. ಅಪ್ಪ ಕಲಿಸಿದ ವಿದ್ಯೆ. ನೀರು ಭಾರ, ಕೆಳಗೆ ಕೂರುತ್ತದೆ. ಪೆಟ್ರೋಲ್ ಹಗುರ, ಮೇಲೆ ತೇಲುತ್ತದೆ. ಕೆಳಗಿನದ್ದು ತೆಗೆದರೆ ಮೇಲಿನದ್ದು ಅಪ್ಪಟ. ಇಷ್ಟು ದಿನ ಹಾಗೇ ನಡೆದಿತ್ತು ಕೂಡ.

ಇತ್ತೀಚೆಗೆ ಎಂಜಿನ್ನಿಗೆ ಏನೋ ಬಡಿದಿತ್ತು. ಮಧ್ಯಾಹ್ನ ಕೆಮ್ಮದೆ ಓಡುತ್ತಿತ್ತು. ಬೆಳಗಿನ ತಂಪಿನಲ್ಲಿ ಮಾತ್ರ ಕೆಮ್ಮುತ್ತಿತ್ತು, ಜೋರಾಗಿ ಓಡಿಸಿದಾಗಲೆಲ್ಲ ಒಳಗಿಂದ ಟಕಟಕ ಎಂದು ಕುಟ್ಟುತ್ತಿತ್ತು. ಮೇಸ್ತ್ರಿ ಒಂದೆರಡು ಸಲ ತಮಾಷೆ ಮಾಡಿದ, ನಿನ್ನ ಎಂಜಿನ್ನಿಗೆ ಕಷಾಯ ಕುಡಿಸಯ್ಯ ಎಂದ. ಎಲ್ಲರೂ ನಕ್ಕರು, ಕ್ಯಾಪ್ಟನ್ನೂ ನಕ್ಕ.

ಒಂದು ದಿನ ನಗುವ ಹಾಗಿರಲಿಲ್ಲ. ದೋಣಿ ಹೊಳೆಯ ನಡುಮಧ್ಯ ಹೋಗಿತ್ತು. ಎಂಜಿನ್ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಹಗ್ಗ ಎಳೆದ, ಎಳೆದ, ಉಸಿರೇ ಇಲ್ಲ. ಆ ಹೊಳೆಗೆ ಸ್ವಲ್ಪ ಕೆಳಗೆ ಅಡ್ಡಲಾಗಿ ಕಟ್ಟಿದ ಒಡ್ಡು ಇದೆ, ನೀರು ಅದರ ಮೇಲೆ ಹರಿದು ಆಚೆ ಧುಮುಕುತ್ತದೆ. ದೋಣಿ ಅತ್ತ ಜಾರತೊಡಗಿತು. ಕ್ಯಾಪ್ಟನ್ ಹುಟ್ಟು ಹಿಡಿದ, ಮೇಸ್ತ್ರಿ ಕೂರುವ ಹಲಗೆಯನ್ನೇ ಕಿತ್ತು ಅದರಲ್ಲೇ ಹುಟ್ಟು ಹಾಕಿದ. ನರ್ಸಮ್ಮ ಮಕ್ಕಳನ್ನೆಲ್ಲ ತಬ್ಬಿ ತಳಕ್ಕೆ ಕೂರಿಸಿದಳು. ಒಡ್ಡಿನ ಸದ್ದು ಕಿವಿ ತುಂಬುವ ಹೊತ್ತಿಗೆ ಅಂತೂ ಇಂತೂ ಆಚೆ ದಡದ ಪೊದೆ ಕೈಗೆ ಸಿಕ್ಕಿತು.

ಹೆಂಡತಿ ಇಳಿದು ಕೆಲಸಕ್ಕೆ ಹೋದಳು. ಸಂಜೆ ದೋಣಿಗೆ ಬರಲಿಲ್ಲ. ದೂರದ ಸೇತುವೆ ಸುತ್ತಿ ನಡೆದು, ಕತ್ತಲಾಗುವ ಹೊತ್ತಿಗೆ ಮನೆ ಸೇರಿದಳು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಆಮೇಲೆ ಬಾಯಿ ತೆರೆದಳು.

"ನಿಮ್ಮ ಕೈ ಮೇಲೆ ನಂಗೆ ನಂಬಿಕೆ ಇದೆ ರೀ. ಆ ಎಂಜಿನ್ ಮೇಲಿಲ್ಲ. ಅದು ಸರಿಹೋಗೋ ತನಕ ನಾನು ಸೇತುವೆ ಮೇಲೇ ಹೋಗ್ತೀನಿ."

ಕ್ಯಾಪ್ಟನ್ನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವನ ದೋಣಿಯಲ್ಲಿ ಅವನ ಹೆಂಡತಿಯೇ ಕೂರುವುದಿಲ್ಲ ಎಂದರೆ ಬೇರೆಯವರು ಯಾವ ಧೈರ್ಯದಲ್ಲಿ ಕೂರಬೇಕು? ಮರುದಿನದಿಂದ ಸೇತುವೆಯ ದಾರಿಯಲ್ಲಿ ಅವಳ ಹಿಂದೆ ಇನ್ನೂ ಕೆಲವರು ಕಾಣಿಸಿಕೊಂಡರು. ಶಾಲೆಯ ಮಕ್ಕಳನ್ನು ಮನೆಯವರು ದೋಣಿಗೆ ಕಳಿಸಲೇ ಇಲ್ಲ.

ಅವನ ಸಿಟ್ಟೆಲ್ಲ ಬಂಕಿನವನ ಮೇಲೆ ತಿರುಗಿತು. ಹೋಗಿ, ಪೆಟ್ರೋಲಿಗೆ ನೀರು ಬೆರೆಸಿ ಜನರ ಪ್ರಾಣ ತೆಗೀತೀಯಾ ಎಂದು ಬಾಯಿಗೆ ಬಂದ ಹಾಗೆ ಬೈದು ಬಂದ. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಒಳಗೆ ನೀರಿನಂಥದ್ದೇನೋ ಕೂತಿದೆ, ಡ್ರಮ್ ನೋಡಿಕೋ ಎಂದ. ಕ್ಯಾಪ್ಟನ್ ಅವನ ಮೇಲೂ ಹರಿಹಾಯ್ದ. ದಿನಾ ತಪ್ಪದೆ ನೀರು ಕಕ್ಕಿಸುವವನಿಗೆ ಇಂಥ ಮಾತೇ?

ಆ ವಾರದ ರಜೆಗೆ ಅವನ ಅಕ್ಕನ ಮಗಳು ಬಂದಳು. ಅವಳು ಕಚ್ಚಾ ತೈಲ ಶುದ್ಧೀಕರಿಸುವ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಪೆಟ್ರೋಲ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಚಿಕ್ಕಂದಿನಲ್ಲಿ ಈ ದೋಣಿಯಿಂದ ಹೊಳೆಗೆ ಹಾರಿಯೇ ಈಜು ಕಲಿತವಳು, ಹಾಗಾಗಿ ಸೋದರಮಾವನ ಹತ್ತಿರ ಸಲಿಗೆ ಜಾಸ್ತಿ. ಅತ್ತೆ ಸೇತುವೆ ಮೇಲೆ ನಡೆದು ಬಂದು ಕಾಲು ಒತ್ತಿಕೊಳ್ಳುತ್ತಿದ್ದುದನ್ನು ಕಂಡು ಏನಾಯಿತೆಂದು ಕೇಳಿದಳು. ಅತ್ತೆ ಹೇಳಿದಳು. ಮಾವ ಮಧ್ಯೆ ಮಧ್ಯೆ ಬಾಯಿ ಹಾಕಿ ಬಂಕಿನವನ ವಂಶವನ್ನೆಲ್ಲ ಜಾಲಾಡಿದ.

ಎಲ್ಲ ಕೇಳಿ ಅವಳು ಡ್ರಮ್ಮಿನ ಮುಚ್ಚಳ ಯಾಕೆ ಸಡಿಲ ಎಂದು ಕೇಳಿದಳು. ನೀರು ಕಕ್ಕಿಸುವ ವಿದ್ಯೆಯನ್ನು ಅವನು ಹೆಮ್ಮೆಯಿಂದಲೇ ವಿವರಿಸಿದ. ಅವಳ ಮುಖ ಸಪ್ಪಗಾಯಿತು.

"ಮಾವ, ಅಜ್ಜನ ಕಾಲದ ಪೆಟ್ರೋಲಿಗೆ ಅದು ಸರಿ. ಈಗಿನದಕ್ಕೆ ಆಗಲ್ಲ."

"ಹುಟ್ಟಿದಾಗಿಂದ ನೀರಿನ ಮೇಲೇ ಇದ್ದೀನಿ. ನೀರು ಎಲ್ಲಿ ಕೂರುತ್ತೆ ಅಂತ ನಂಗೇ ಪಾಠ ಹೇಳ್ತೀಯಾ?"

"ನೀರು ಕೆಳಗೇ ಕೂರುತ್ತೆ. ಆದ್ರೆ ಈಗ ಒಂಟಿಯಾಗಿ ಕೂರಲ್ಲ."

ಮಾವನಿಗೆ ಮಾತಿನಲ್ಲಿ ಹೇಳಿದರೆ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತು. ಮರುದಿನ ಹಗಲು, ಮನೆಯಿಂದ ದೂರ ಬಯಲಿನಲ್ಲಿ, ತನ್ನ ಚೀಲದಿಂದ ಗೀರುಗೆರೆಗಳಿರುವ ಎರಡು ಗಾಜಿನ ಅಳತೆ ಕೊಳವೆ ತೆಗೆದಳು. ಮಾವನ ಜೇಬಿನಿಂದ ಬೆಂಕಿಪೊಟ್ಟಣ ಕಿತ್ತು ಅತ್ತೆಯ ಕೈಗೆ ಕೊಟ್ಟು ಮನೆಗೆ ಕಳಿಸಿದಳು. ಇದು ನನ್ನ ಕೆಲಸ, ನಾನು ಮಾಡ್ತೀನಿ, ನೀವ್ಯಾರೂ ಮನೆಯಲ್ಲಿ ಇದನ್ನು ಮಾಡೋ ಹಾಗಿಲ್ಲ ಎಂದು ಮೊದಲೇ ತಾಕೀತು ಮಾಡಿದಳು.

ಒಂದು ಕೊಳವೆಗೆ ಬಂಕಿನಿಂದ ಆಗಷ್ಟೇ ತಂದ ಪೆಟ್ರೋಲ್. ಅದಕ್ಕೆ ನೀಲಿ ಶಾಯಿ ಬೆರೆಸಿದ ನೀರನ್ನು ಒಂದು ಗೆರೆಯಷ್ಟು ಅಳೆದು ಹಾಕಿ, ಬಿರಡೆ ಹಾಕಿ ಅಲುಗಾಡಿಸಿ ಇಟ್ಟಳು. ನೀರು ಕೆಳಗೆ ಕೂತಿತು. ಕ್ಯಾಪ್ಟನ್ ಮೀಸೆಯಡಿ ನಕ್ಕ, ನಾನು ಹೇಳಲಿಲ್ಲವೇ ಎನ್ನುವ ಹಾಗೆ. ಆದರೆ ಹತ್ತಿರ ಬಗ್ಗಿ ನೋಡಿದರೆ ನೀಲಿ ನೀರು ತನ್ನ ಗೆರೆ ದಾಟಿ ತುಂಬಾ ಮೇಲಕ್ಕೆ ಬಂದಿತ್ತು. ಪೆಟ್ರೋಲ್ ಅಷ್ಟೇ ಕಡಿಮೆಯಾಗಿತ್ತು.

"ನೀರು ಹೆಚ್ಚಾಯ್ತಲ್ಲ," ಎಂದ ಅವನು. "ನೀನು ಹಾಕಿದ್ದು ಇಷ್ಟೇ ತಾನೇ?"

"ನೀರು ಹೆಚ್ಚಾಗಿಲ್ಲ ಮಾವ. ಪೆಟ್ರೋಲಿನಲ್ಲಿದ್ದ ಆಲ್ಕೋಹಾಲನ್ನು ನೀರು ಎಳ್ಕೊಂಡು ಕೆಳಗೆ ಇಳೀತು."

ಆಮೇಲೆ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಈಗ ಬಹಳ ಕಡೆ ಮಾರುವ ಪೆಟ್ರೋಲಿನಲ್ಲಿ ಎಥೆನಾಲ್ ಎಂಬ ಆಲ್ಕೋಹಾಲ್ ಬೆರೆತಿರುತ್ತದೆ. ಕಬ್ಬಿನಿಂದ, ಕಾಳಿನಿಂದ ಅದನ್ನು ತಯಾರಿಸುತ್ತಾರೆ, ಹುಲ್ಲು ದಂಟಿನಿಂದ ತೆಗೆಯುವ ಸಂಶೋಧನೆಯೂ ನಡೆದಿದೆ. ಕಚ್ಚಾ ತೈಲವನ್ನು ಅಷ್ಟರಮಟ್ಟಿಗೆ ಉಳಿಸುವುದಕ್ಕೆ ಈ ಏರ್ಪಾಡು. ಆಲ್ಕೋಹಾಲ್ ಬೆರೆಯುತ್ತದೆಂಬ ಲೆಕ್ಕ ಇಟ್ಟುಕೊಂಡೇ ಕಾರ್ಖಾನೆಯಲ್ಲಿ ಪೆಟ್ರೋಲ್ ತಯಾರಾಗುತ್ತದೆ. ಎಂಜಿನ್ನಿನೊಳಗೆ ಹೊತ್ತಿಗೆ ಮುಂಚೆ ಸಿಡಿಯದೆ ಹದವಾಗಿ ಉರಿಯುವ ಗುಣದಲ್ಲಿ ಆಲ್ಕೋಹಾಲಿನ ಪಾಲೂ ಇದೆ. ಅದಕ್ಕೆ ಒಂದೇ ದೌರ್ಬಲ್ಯ, ನೀರು ಕಂಡರೆ ಬಿಡುವುದಿಲ್ಲ. ಸ್ವಲ್ಪ ನೀರಾದರೆ ಕಣ್ಣಿಗೆ ಕಾಣದ ಹಾಗೆ ಪೆಟ್ರೋಲಿನೊಳಗೇ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ, ಅದರಲ್ಲೂ ಬೆಳಗಿನ ತಂಪಿಗೆ, ನೀರಿನ ಜೊತೆ ಸೇರಿ ತಳಕ್ಕೆ ಇಳಿದುಬಿಡುತ್ತದೆ.

ಎರಡನೆಯ ಕೊಳವೆಗೆ ಡ್ರಮ್ಮಿನ ಪೆಟ್ರೋಲ್ ಹಾಕಿ ಅದೇ ಪರೀಕ್ಷೆ ಮಾಡಿದಳು. ಈ ಸಲ ನೀಲಿ ನೀರು ತನ್ನ ಗೆರೆ ಬಿಟ್ಟು ಮೇಲೇಳಲೇ ಇಲ್ಲ ಅನ್ನಬೇಕು. ಎಳೆದುಕೊಳ್ಳಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕ್ಯಾಪ್ಟನ್ ಎರಡು ಕೊಳವೆಗಳನ್ನೂ ಮತ್ತೆ ಮತ್ತೆ ನೋಡಿದ. ದಿನಾ ಬೆಳಿಗ್ಗೆ ತಾನು ಕಕ್ಕಿಸುತ್ತಿದ್ದುದು ಬರೀ ನೀರಲ್ಲ ಎಂದು ಅವನಿಗೆ ಹೊಳೆಯಿತು. ಮೇಲೆ ಉಳಿದ ಪೆಟ್ರೋಲಿಗೆ ಹದವಾಗಿ ಉರಿಯುವ ಗುಣವಿಲ್ಲ, ಅದಕ್ಕೇ ಆ ಟಕಟಕ. ನಲ್ಲಿಯ ಬಾಯಲ್ಲಿ ಉಳಿದ ತಳದ ಚರಟ ಟ್ಯಾಂಕಿಗಿಳಿದರೆ ಎಂಜಿನ್ ಅಲ್ಲೇ ಸ್ತಬ್ಧ.

ಸೋತೆ ಎಂದು ಒಪ್ಪಿಕೊಳ್ಳುವುದು ಅಷ್ಟು ಸುಲಭವೇ? ಡ್ರಮ್ ಇನ್ನೂ ಅರ್ಧಕ್ಕಿಂತ ಮೇಲಿತ್ತು. ಮೇಲಿನಿಂದ ಹೊಸ ಪೆಟ್ರೋಲ್ ಸುರಿದು ಸರಿಮಾಡಿದರಾಯಿತು ಎಂದ. ತಳದಲ್ಲಿ ನೀರಿರುವ ತನಕ ಹೊಸದರ ಆಲ್ಕೋಹಾಲೂ ಅತ್ತಲೇ ಹೋಗುತ್ತದೆ, ಒಳ್ಳೆಯದನ್ನೂ ಕೆಡಿಸಿಕೊಂಡ ಹಾಗೆ ಎಂದಳು ಅವಳು. ಹಾಗಾದರೆ ನಿಮ್ಮ ಅಷ್ಟು ದೊಡ್ಡ ಕಾರ್ಖಾನೆಯವರು ನೀರಿಗೆ ಮಾಡುವುದೇನು ಎಂದು ಅವನು ಕೊಂಕು ತೆಗೆದ.

"ಹೆದರ್ತೀವಿ ಮಾವ. ಬಹಳ ಕಡೆ ಬೆರೆಸಿದ ಪೆಟ್ರೋಲನ್ನು ದೂರದ ಪೈಪಿನಲ್ಲಿ ಕಳಿಸೋದೇ ಇಲ್ಲ. ದಾರೀಲಿ ಎಲ್ಲಾದ್ರೂ ನೀರು ಸೇರೀತು ಅಂತ, ಟ್ಯಾಂಕರಿಗೆ ತುಂಬೋ ಹೊತ್ತಲ್ಲಿ ಬೆರೆಸ್ತೀವಿ. ನಾವೇ ಅಷ್ಟು ಹೆದರುವಾಗ ನೀವು ಮುಚ್ಚಳ ಸಡಿಲ ಬಿಟ್ಟು ಹೊಳೆ ದಡದಲ್ಲಿ ಇಡ್ತೀರಲ್ಲ."

ಆ ರಾತ್ರಿ ಕ್ಯಾಪ್ಟನ್ ಹೊಟ್ಟೆ ತುಂಬಾ ಊಟ ಮಾಡಲಿಲ್ಲ.

ಬೆಳಿಗ್ಗೆ ದಡದಲ್ಲಿ ಉಳಿದ ಗಿರಾಕಿಗಳು ಬಂದು ನಿಂತಿದ್ದರು. ಟ್ಯಾಂಕಿನಲ್ಲಿ ಡ್ರಮ್ಮಿನದೇ ಪೆಟ್ರೋಲ್. ನಿನ್ನೆ ಓಡಿತ್ತು, ಇವತ್ತೂ ಓಡಿದರೂ ಓಡೀತು. ನರ್ಸಮ್ಮ ಪಾಳಿಗೆ ಹೊತ್ತಾಯಿತೆಂದು ಅವಸರ ಮಾಡಿದಳು. ಮೇಸ್ತ್ರಿ ಆಗಲೇ ಒಂದು ಕಾಲು ದೋಣಿಯೊಳಗೆ ಇಟ್ಟಾಗಿತ್ತು. ಒಂದು ಟ್ರಿಪ್ ತಾನೇ ಎಂದು ಕ್ಯಾಪ್ಟನ್ನನ ಕೈ ಎಂಜಿನ್ ಹಗ್ಗಕ್ಕೆ ಹೋಯಿತು. ಅಲ್ಲೇ ನಿಂತಿತು. ಒಡ್ಡಿನ ಮೇಲಿಂದ ಧುಮುಕುವ ನೀರಿನ ಸದ್ದು ಅಲ್ಲಿಗೂ ಸಣ್ಣಗೆ ಕೇಳುತ್ತಿತ್ತು. ಅವನು ಹಗ್ಗ ಬಿಟ್ಟುಬಿಟ್ಟ.

"ಇವತ್ತು ದೋಣಿ ಬಿಡೋದಿಲ್ಲ," ಎಂದ. "ಪೆಟ್ರೋಲ್ ಕೆಟ್ಟಿದೆ. ಕೆಡಿಸಿದ್ದು ಬಂಕಿನವನಲ್ಲ, ನಾನು."

ಜನ ಗೊಣಗಿದರು. ಮೇಸ್ತ್ರಿ ಕಾಲು ಹಿಂದಕ್ಕೆ ತೆಗೆದ. ಸೇತುವೆಯ ಕಡೆ ಹೊರಟಿದ್ದ ಹೆಂಡತಿ ದಾರಿಯಲ್ಲೇ ನಿಂತು ಈ ಮಾತು ಕೇಳಿಸಿಕೊಂಡಳು. ಗಂಡ ಹತ್ತು ಜನರ ಎದುರು ತಪ್ಪು ಒಪ್ಪಿಕೊಂಡದ್ದನ್ನು ಅವಳು ಅಲ್ಲಿಯ ತನಕ ಕಂಡಿರಲಿಲ್ಲ. ಕಣ್ಣು ಒದ್ದೆಯಾಯಿತು, ಸೆರಗಿನಿಂದ ಒರೆಸಿಕೊಂಡು ನಡೆದಳು.

ಆಮೇಲೆ ಕೆಲಸ ಸರಾಗ. ಬಂಕಿಗೆ ಹೋಗಿ ಬೈದದ್ದಕ್ಕೆ ಕ್ಷಮೆ ಕೇಳಿದ, ಚಹಾ ಕುಡಿದು ಬಂದ. ಕೆಟ್ಟ ಪೆಟ್ರೋಲನ್ನು ಹೊಳೆಗೂ ಚರಂಡಿಗೂ ಚೆಲ್ಲದೆ, ಹಳೆಯ ಎಣ್ಣೆ ಪಡೆಯುವ ವರ್ಕ್‌ಶಾಪಿಗೆ ಒಪ್ಪಿಸಿದ. ಮೆಕ್ಯಾನಿಕ್ ಟ್ಯಾಂಕ್ ಬರಿದು ಮಾಡಿ ಒಣಗಿಸಿ, ಹಳೆಯ ರಬ್ಬರ್ ಪೈಪು ಆಲ್ಕೋಹಾಲ್ ಬೆರೆತ ಪೆಟ್ರೋಲಿಗೆ ತಾಳುವುದಿಲ್ಲ ಎಂದು ಹೊಸದನ್ನು ಹಾಕಿದ. ಡ್ರಮ್ಮಿನ ಬದಲು, ಪೆಟ್ರೋಲಿಗೆಂದೇ ಮಾಡಿದ ಬಿಗಿ ಮುಚ್ಚಳದ ಡಬ್ಬಿ ಬಂತು. ತಿಂಗಳಿಗೊಮ್ಮೆ ತರುತ್ತಿದ್ದವನು ವಾರದ್ದನ್ನು ವಾರಕ್ಕೇ ತಂದ.

ಎಲ್ಲ ಮುಗಿದ ಮೇಲೆ ಮೊದಲು ಒಬ್ಬನೇ ಖಾಲಿ ದೋಣಿಯಲ್ಲಿ, ಬೆಳಗಿನ ಮಂಜಿನಲ್ಲೇ, ಆಚೆ ದಡಕ್ಕೆ ಹೋಗಿ ಬಂದ. ಕೆಮ್ಮಿಲ್ಲ, ಕುಟ್ಟುವಿಕೆ ಇಲ್ಲ. ತಿರುಗಿ ಬರುವಾಗ ದಡದಲ್ಲಿ ಹೆಂಡತಿ ನಿಂತಿದ್ದಳು, ಊಟದ ಡಬ್ಬಿ ಕೈಯಲ್ಲಿ. ಅವನು ದೋಣಿಯನ್ನು ದಡಕ್ಕೆ ತಾಗಿಸಿ ಹಗ್ಗ ಕಟ್ಟಿದ.

"ಹೊಸ ಪೆಟ್ರೋಲೇನ್ರೀ?" ಎಂದಳು.

"ನಿನ್ನೆ ತಂದಿದ್ದು. ಮುಚ್ಚಳ ಬಿಗಿಯಾಗಿದೆ, ಬೇಕಾದ್ರೆ ನೋಡು."

ಅವಳು ನೋಡಲಿಲ್ಲ. ದೋಣಿಗೆ ಹತ್ತಿ ಕೂತಳು. ಅವಳ ಹಿಂದೆ ಮೇಸ್ತ್ರಿ ಹತ್ತಿದ, ನರ್ಸಮ್ಮ ಹತ್ತಿದಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲಿ ದೋಣಿ ಇರಲಿಕ್ಕಿಲ್ಲ. ಔಷಧಿ ಹೊಡೆಯುವ ಯಂತ್ರ ಇರಬಹುದು, ಜನರೇಟರ್ ಇರಬಹುದು, ಹುಲ್ಲು ಕತ್ತರಿಸುವ ಮೋಟಾರು ಇರಬಹುದು. ಮೂಲೆಯಲ್ಲಿ ಒಂದು ಡಬ್ಬಿ ಪೆಟ್ರೋಲ್ ಎಂದೋ ತಂದಿಟ್ಟದ್ದೂ ಇರಬಹುದು. ಇಂದೇ ಅದನ್ನು ನೋಡಿ. ತಳದಲ್ಲಿ ನೀರಿನ ಪದರ ಕಂಡರೆ, ಬಸಿದು ಮೇಲಿನದ್ದನ್ನು ಬಳಸುವ ಹಳೆಯ ಉಪಾಯ ಬೇಡ, ಮೇಲೆ ಹೊಸದನ್ನು ಸುರಿಯುವುದೂ ಬೇಡ. ಅದನ್ನು ತಿಳಿದವರ ಕೈಗೆ ಒಪ್ಪಿಸಿ. ಬೇಕಾದಷ್ಟನ್ನೇ ತನ್ನಿ, ಬೇಗ ಮುಗಿಸಿ. ಡಬ್ಬಿ ಪೆಟ್ರೋಲಿಗೆಂದೇ ಮಾಡಿದ್ದಿರಲಿ, ಮನೆಯ ಹೊರಗೆ ನೆರಳಲ್ಲಿ, ಒಲೆ ದೀಪಗಳಿಂದ ದೂರ ಇರಲಿ. ಪೆಟ್ರೋಲ್ ತೆಗೆಯಲು ಪೈಪು ಬಾಯಿಗಿಟ್ಟು ಎಳೆಯಬೇಡಿ. ನಿಮ್ಮ ಎಂಜಿನ್ನಿಗೆ ಈಗಿನ ಪೆಟ್ರೋಲ್ ಒಗ್ಗುತ್ತದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಲು ನಾಚಿಕೆ ಬೇಡ. ಪೆಟ್ರೋಲ್ ಬದಲಾಗಿದೆ, ನಾವೂ ಕೈಯ ಹಳೆಯ ರೂಢಿ ಬದಲಿಸೋಣ.

ನಡುಹೊಳೆಯಲ್ಲಿ ಎಂಜಿನ್ ನಿಂತ ಮೇಲೆ ದಡ ಎಷ್ಟು ದೂರ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನೀವು ಅಲ್ಲಿಯ ತನಕ ಕಾಯಬೇಡಿ. ಎದ್ದು ಹೋಗಿ, ಡಬ್ಬಿಯ ಮುಚ್ಚಳ ಬಿಗಿ ಮಾಡಿ ಬನ್ನಿ.