ಕೊಂಕಲ್‌ನಿಂದ ಒಂದು ಪ್ರಶ್ನೆ

ಮೈಕಿದ್ದವರಿಗೆ ಮಾತಿಲ್ಲ, ಮಾತಿದ್ದವರಿಗೆ ಮೈಕಿಲ್ಲ. ಗಾದೆಯಲ್ಲಿ ಇರುವುದು ಹಲ್ಲು ಮತ್ತು ಕಡಲೆ ಎಂದು ತಿದ್ದುವವರು ತಿದ್ದಿಕೊಳ್ಳಲಿ. ದೋರನಹಳ್ಳಿಯಲ್ಲಿ ಆ ದಿನ ನಡೆದದ್ದನ್ನು ಮಾತ್ರ ಯಾರೂ ತಿದ್ದಲಾರರು. ಅದು ನಡೆದದ್ದೇ ಹಾಗೆ.

ಹೆಣಕ್ಕೆ ಹಾರ ಹಾಕಲು ಬಗ್ಗಿದ್ದ ಡಾ. ಸುನೀಲಕುಮಾರರು ಅರ್ಧಕ್ಕೇ ನೆಟ್ಟಗಾದರು. ಹಾರವನ್ನು ಎಡಗೈಗೆ ಸಿಕ್ಕಿಸಿಕೊಂಡು ಬಲಗೈಯಿಂದ ಮೊಬೈಲ್ ತೆಗೆದರು.

"ಬಸಲಿಂಗಪ್ಪನವರಿಗೆ ಯಾರಾದ್ರೂ ತಿಳಿಸಿದ್ದೀರಾ?"

ಅಂಗಳದಲ್ಲಿ ಕೂತಿದ್ದವರು ಮುಖ ಮುಖ ನೋಡಿಕೊಂಡರು. ನಡುವೆ ಬಿಳಿ ಬಟ್ಟೆ ಹೊದ್ದು ಚಟ್ಟದ ಮೇಲೆ ಮಲಗಿದ್ದವನು ದ್ಯಾವಪ್ಪ. ಶಹಾಪುರದ ಹೊರಗೆ ಸುರಪುರ ರಸ್ತೆಯಲ್ಲಿರುವ ಸಾರ್ವಜನಿಕ ನೀತಿ ಶಾಲೆಯಲ್ಲಿ ಹನ್ನೆರಡು ವರ್ಷ ಅಟೆಂಡರ್ ಆಗಿದ್ದ. ಅದು ವಿಶ್ವವಿದ್ಯಾಲಯಕ್ಕೆ ಸೇರಿದ ಶಾಲೆ. ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸ, ಎರಡು ತಿಂಗಳಿಗೊಂದು ಊರವರ ಸಭೆ. ಕುರ್ಚಿ ಹಾಕುವುದು, ಮೈಕು ಹಚ್ಚುವುದು, ಅತಿಥಿಗಳ ಮುಂದೆ ನೀರಿಡುವುದು ದ್ಯಾವಪ್ಪನ ಕೆಲಸ. ಉಪನ್ಯಾಸ ಉದ್ದವಾದಷ್ಟೂ ಕೇಳುವವರಿಗೆ ಉಪವಾಸ ಎನ್ನುತ್ತಿದ್ದ. ಗೇಟಿನ ಬೋರ್ಡನ್ನು 'ಸರ್-ವಜನಿಕ ನೀತಿ ಶಾಲೆ' ಎಂದು ಓದಿ, ಒಳಗೆ ಬರೇ ಸರ್‌ಗಳೇ ಇದ್ದಾರೆಂದು ಕಣ್ಣು ಹೊಡೆಯುತ್ತಿದ್ದ. ಆ ಸರ್‌ಗಳ ಪೈಕಿ ದೊಡ್ಡವರು ಈ ಸುನೀಲಕುಮಾರರು, ಶಾಲೆಯ ನಿರ್ದೇಶಕರು, ಮೈಸೂರಿನ ಕಡೆಯವರು.

ಇನ್ನು ಬಸಲಿಂಗಪ್ಪನೆಂದರೆ ಕೊಂಕಲ್‌ನ ಮುದಿ ರೈತ. ಒಂಬತ್ತು ವರ್ಷದಿಂದ ಪ್ರತಿ ಉಪನ್ಯಾಸದ ಕೊನೆಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳುತ್ತಿದ್ದ. ನಿರ್ದೇಶಕರು ತಮ್ಮ ಮೊಬೈಲನ್ನು ಮೈಕಿಗೆ ಹಿಡಿಯುತ್ತಿದ್ದರು. ಆ ಗೊಗ್ಗರು ದನಿ ಸಭಾಂಗಣ ತುಂಬುತ್ತಿತ್ತು. ಅವನ ಪ್ರಶ್ನೆಗಳನ್ನೆಲ್ಲ ಸೇರಿಸಿ ಶಾಲೆ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿತ್ತು. ಬರುವ ಭಾನುವಾರದ ವಾರ್ಷಿಕ ಉಪನ್ಯಾಸ ಕೊಡಲು ಮೊದಲ ಸಲ ಒಬ್ಬ ರೈತನನ್ನು ಕರೆದಿದ್ದರು. ಕಾರ್ಡಿನಲ್ಲಿ ಹೆಸರು ಮುದ್ರಣವಾಗಿತ್ತು: ಶ್ರೀ ಬಸಲಿಂಗಪ್ಪ, ಕೊಂಕಲ್.

ಸುನೀಲಕುಮಾರರು ನಂಬರು ಒತ್ತಿದರು. ತಾಯಿಯ ಪಕ್ಕ ಕೂತಿದ್ದ ದ್ಯಾವಪ್ಪನ ಮಗಳು ಪರಿಮಳಾಳ ಹೆಗಲ ಚೀಲದೊಳಗೆ ಒಂದು ಸಣ್ಣ ಬಟನ್ ಫೋನು ನಡುಗಿತು. ಅವಳು ಚೀಲವನ್ನು ಮೊಣಕೈಯಿಂದ ಪಕ್ಕೆಗೆ ಒತ್ತಿ ಹಿಡಿದಳು. ಅದು ಅಪ್ಪನ ಎರಡನೆಯ ಫೋನು. ನಿನ್ನೆ ಆಸ್ಪತ್ರೆಯವರು ಕರವಸ್ತ್ರದಲ್ಲಿ ಕಟ್ಟಿ ಕೊಟ್ಟದ್ದು.

ಕೊಂಕಲ್‌ನಲ್ಲಿ ಅಂಥ ಬಸಲಿಂಗಪ್ಪ ಯಾರೂ ಇರಲಿಲ್ಲ. ಇದ್ದವನು ಇಲ್ಲಿ, ಈ ಬಿಳಿ ಬಟ್ಟೆಯ ಕೆಳಗೆ.

ಇದು ಗೊತ್ತಿದ್ದವರು ಇಬ್ಬರೇ: ಮಗಳು ಪರಿಮಳಾ, ಮತ್ತೆ ಶಾಲೆಯಲ್ಲಿ ಚಹಾ ಮಾಡುವ ಮಸ್ತಾನಬಿ. ಮಣ್ಣು ಕೊಡುವುದು ನಾಲ್ಕಕ್ಕೆ. ಈಗ ಎರಡೂವರೆ. ಈ ಒಂದೂವರೆ ತಾಸು ದಾಟಿದರೆ ಅಪ್ಪ ಮರ್ಯಾದೆಯಿಂದ ಮಣ್ಣು ಸೇರುತ್ತಾನೆ. ದಾಟದಿದ್ದರೆ, ವಿಶ್ವವಿದ್ಯಾಲಯಕ್ಕೇ ಟೋಪಿ ಹಾಕಿದವನೆಂದು ಊರಿನ ಎದುರು ಅನ್ನಿಸಿಕೊಂಡು ಹೋಗುತ್ತಾನೆ. ಅವಳು ಅದೇ ಶಾಲೆಯಲ್ಲಿ ಎಂ.ಎ. ಎರಡನೇ ವರ್ಷ. ತನ್ನ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ.

"ರಿಂಗ್ ಆಗ್ತಿದೆ, ಎತ್ತುತ್ತಿಲ್ಲ," ಎಂದರು ಸುನೀಲಕುಮಾರರು.

* * *

ಒಂಬತ್ತು ವರ್ಷದ ಹಿಂದೆ, ಒಂದು ಉಪನ್ಯಾಸ. ಗ್ರಾಮೀಣ ಸಾರಿಗೆ ನೀತಿ ಎಂಬುದು ವಿಷಯ. ಅತಿಥಿ ದೂರದಿಂದ ಬಂದ ಪಂಡಿತರು. ಮಾತು ಮುಗಿಸಿ ಪ್ರಶ್ನೆಗಳಿದ್ದರೆ ಕೇಳಿ ಎಂದರು. ಚಹಾ ಮತ್ತು ಉಪ್ಪಿಟ್ಟಿನ ಆಸೆಗೆ ಬಂದಿದ್ದ ಅರವತ್ತು ಮಂದಿ ತಲೆ ತಗ್ಗಿಸಿ ಕೂತರು. ವರದಿಯಲ್ಲಿ 'ಜನರ ಸಹಭಾಗಿತ್ವ' ಎಂಬ ಅಂಕಣ ಖಾಲಿ ಉಳಿಯುವುದನ್ನು ನೆನೆದು ನಿರ್ದೇಶಕರ ಮುಖ ಸಣ್ಣಗಾಯಿತು.

ಆಗ ನೀರಿಡಲು ವೇದಿಕೆ ಹತ್ತಿದ್ದ ದ್ಯಾವಪ್ಪ ಬಾಯಿ ಬಿಟ್ಟ. ತಮ್ಮೂರಿಗೆ ಸಂಜೆ ಬಸ್ಸು ಬರುವುದು ಆರಕ್ಕೆ, ಸಾಲಿ ಬಿಡುವುದು ನಾಲ್ಕೂವರೆಗೆ. ಆ ಒಂದೂವರೆ ತಾಸು ಹೆಣ್ಣುಮಕ್ಕಳು ಎಲ್ಲಿ ಕೂರಬೇಕು ಎಂದು ಕೇಳಿದ. ಅವನ ಮಗಳು ಆಗ ಎಂಟನೇ ಇಯತ್ತೆ. ದಿನಾ ಪಾನ್ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು.

"ಮೊದಲು ನೀರಿಡಪ್ಪ," ಎಂದರು ಪಂಡಿತರು. ಮುಂದಿನ ಸಾಲು ನಕ್ಕಿತು.

ದ್ಯಾವಪ್ಪನೂ ನಕ್ಕ. ನೀರಿಟ್ಟು, ಜನರೇಟರ್ ನೋಡಿ ಬರುತ್ತೇನೆಂದು ಹಿಂದೆ ಹೋದ. ಎರಡು ನಿಮಿಷದಲ್ಲಿ ನಿರ್ದೇಶಕರ ಮೊಬೈಲ್ ಹೊಡೆದುಕೊಂಡಿತು. ಊರಿಂದಲೇ ಫೋನ್‌ನಲ್ಲಿ ಪ್ರಶ್ನೆ ಕೇಳಬಹುದು ಎಂದು ಅವರೇ ಹಿಂದಿನ ವಾರ ಊರೂರಿಗೆ ಚೀಟಿ ಹಂಚಿಸಿದ್ದರು. ಚೀಟಿ ಹಂಚಿದವನು ದ್ಯಾವಪ್ಪ.

"ನಮಸ್ಕಾರ್ರಿ, ನಾ ಕೊಂಕಲ್ ಬಸಲಿಂಗ ಮಾತಾಡಾಕತ್ತೇನಿ," ಎಂದು ಒಬ್ಬ ಮುದುಕ ಕೆಮ್ಮಿದ. ಮತ್ತೆ ಅದೇ ಪ್ರಶ್ನೆ ಕೇಳಿದ. ಅದೇ ಬಸ್ಸು, ಅದೇ ಒಂದೂವರೆ ತಾಸು.

ಪಂಡಿತರು ಎದ್ದು ನಿಂತರು. "ಬಸಲಿಂಗಪ್ಪನವರೇ, ಇದು ಅತ್ಯಂತ ಮೂಲಭೂತವಾದ ಪ್ರಶ್ನೆ," ಎಂದು ಶುರುಮಾಡಿ ಇಪ್ಪತ್ತು ನಿಮಿಷ ಉತ್ತರ ಹೇಳಿದರು. ನಿರ್ದೇಶಕರು ಅದನ್ನೆಲ್ಲ ಬರೆದು ಮೇಲಕ್ಕೆ ಕಳಿಸಿದರು. ನಾಲ್ಕು ತಿಂಗಳಿಗೆ ಬಸ್ಸು ಐದಕ್ಕೆ ಬರತೊಡಗಿತು.

ಅದಾದ ಮೇಲೆ ಒಂದು ದಿನ ಪರಿಮಳಾ ಅಪ್ಪನ ಶಾಲೆಯ ಕಾರ್ಯಕ್ರಮಕ್ಕೆ ಬಂದಳು. ನೀರು ಕುಡಿಯಲು ಹಿಂದಕ್ಕೆ ಹೋದವಳಿಗೆ ಕಂಡದ್ದು ಜನರೇಟರ್ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಇನ್ಯಾರದೋ ದನಿಯಲ್ಲಿ ಮಾತಾಡುತ್ತಿದ್ದ ಅಪ್ಪ. ಮುಗಿಸಿ ಹೊರಳಿದವನು ಬೆಚ್ಚಿಬಿದ್ದ. ಆಮೇಲೆ ತುಟಿಗೆ ಬೆರಳಿಟ್ಟು ನಕ್ಕ.

"ನನಗ ಬರಿ ನೀರು ಕೇಳ್ತಾರ, ಬಸಲಿಂಗಗ ಉತ್ತರ ಕೊಡ್ತಾರ. ಸುಮ್ನಿರವ್ವ."

* * *

ಮಸ್ತಾನಬಿ ಹೆಂಗಸರ ನಡುವೆ ಕೂತು ನಿನ್ನೆಯದನ್ನು ಮತ್ತೊಮ್ಮೆ ಹೇಳುತ್ತಿದ್ದಳು. ಎಷ್ಟು ಸಲ ಹೇಳಿದರೂ ಅವಳಿಗೇ ನಂಬಿಕೆ ಬರುತ್ತಿರಲಿಲ್ಲ. ಪ್ರೆಸ್ಸಿನಿಂದ ಕಾರ್ಡಿನ ಕಟ್ಟು ಬಂದಿತ್ತು. ದ್ಯಾವಪ್ಪ ಒಂದನ್ನು ಎಳೆದುಕೊಂಡು ಸಭಾಂಗಣಕ್ಕೆ ಹೋದ. ತಾನು ಚಹಾ ತಗೊಂಡು ಹೋದಾಗ ಅವನು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದ.

"ಹನ್ನೆರಡು ವರಸದಾಗ ಒಂದ್ ದಿನಾನೂ ಆ ಕುರ್ಚಿ ಮ್ಯಾಲ ಕುಂತಿಲ್ಲ ಆಂವ. ನಾ ಚಾಷ್ಟಿ ಅಂತ ತಿಳದೆ. ಏ ದ್ಯಾವಪ್ಪಣ್ಣ, ಸಾಹೇಬ ಆಗೀಯೇನು ಅಂದೆ. ಚಾದ ಬಸೀ ಕೈಯಾಗ ಕೊಡಾಕ ಹೋದರ ಕೈ ತಣ್ಣಗ."

ಕಾರ್ಡು ತೊಡೆಯ ಮೇಲಿತ್ತು. ಡಾಕ್ಟರು ಹೃದಯ ನಿಂತಿದೆ ಎಂದರು. ಕಾರ್ಡು ಓದಿ ನಿಂತಿತೋ, ಓದುವ ಮೊದಲೇ ನಿಂತಿತೋ, ಅದನ್ನು ಹೇಳುವ ಡಾಕ್ಟರು ಇರಲಿಲ್ಲ. ಐವತ್ತಮೂರು ವರ್ಷ. ಹೆಂಡತಿ ಬಸ್ಸಮ್ಮ ನಿನ್ನೆಯಿಂದ ಅತ್ತಿರಲಿಲ್ಲ. ಯಾರೋ ತಪ್ಪು ಮನೆಗೆ ಹೆಣ ತಂದಿಟ್ಟಿದ್ದಾರೆ ಎಂಬಂತೆ ನೋಡುತ್ತಿದ್ದಳು.

ಅಷ್ಟರಲ್ಲಿ ಸುನೀಲಕುಮಾರರು ಡ್ರೈವರನ್ನು ಕರೆದರು. ಕೊಂಕಲ್‌ಗೆ ಹೋಗಿ ಬಸಲಿಂಗಪ್ಪನವರನ್ನು ಕೂರಿಸಿಕೊಂಡು ಬಾ, ಊರಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ, ಬರುವ ತನಕ ಹೆಣ ಎತ್ತುವುದು ಬೇಡ ಎಂದರು. ಆ ಮುದುಕರಿಗೂ ಶಾಲೆಗೂ ಕೊಂಡಿಯೇ ಈ ದ್ಯಾವಪ್ಪ, ಇವನ ಮಣ್ಣಿಗೆ ಅವರಿಲ್ಲದಿದ್ದರೆ ಹೇಗೆ ಎಂದು ಸುತ್ತಲಿದ್ದವರಿಗೂ ಹೇಳಿದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಮಸ್ತಾನಬಿ ಪರಿಮಳಾಳ ಕಡೆ ನೋಡಿದಳು. ಡ್ರೈವರ್ ಕೊಂಕಲ್ ಕಟ್ಟೆಯಲ್ಲಿ ನಿಂತು ನಾಲ್ಕು ಮಂದಿಯನ್ನು ಕೇಳಿದರೆ ಎಲ್ಲ ಮುಗಿಯಿತು.

* * *

ಕೊಂಕಲ್‌ಗೆ ನಿರ್ದೇಶಕರು ಮೊದಲೂ ಒಮ್ಮೆ ಹೋಗಿದ್ದರು. ದಾರಿ ತೋರಿಸಲು ಮುಂದೆ ಕೂತವನು ದ್ಯಾವಪ್ಪನೇ. ಊರು ಮುಟ್ಟುತ್ತಲೇ ಇಳಿದು, ಅಂಗಡಿಯವನ ಹತ್ತಿರ ಬೀಡಿಯ ರೇಟು ಕೇಳಿ ಬಂದು, ಬಸಲಿಂಗಪ್ಪ ಬೀಗರ ಮನೆಗೆಂದು ನಾರಾಯಣಪುರಕ್ಕೆ ಹೋಗ್ಯಾನಂತ್ರಿ ಎಂದ. ನಿರ್ದೇಶಕರಿಗೆ ಆದ ನಿರಾಸೆ ನೋಡಿ ಅವನಿಗೇ ಕೆಡುಕೆನಿಸಿತು. ಒಂದಕ್ಕೆ ಹೋಗಿ ಬರುತ್ತೇನೆಂದು ಜಾಲಿಕಂಟಿಯ ಹಿಂದೆ ಸರಿದ. ಜೀಪಿನಲ್ಲಿ ಫೋನ್ ಹೊಡೆದುಕೊಂಡಿತು. ಡ್ಯಾಮಿನ ಮೇಲೆ ನಿಂತಿದ್ದೇನೆ, ಗಾಳಿ ಜೋರಿದೆ, ತಪ್ಪು ತಿಳಿಯಬೇಡಿರಿ ಎಂದ ಬಸಲಿಂಗಪ್ಪ. ಹಿಂದೆ ಕೃಷ್ಣೆಯ ಗಾಳಿ ಭೋರೆನ್ನುತ್ತಿತ್ತು. ಆ ಗಾಳಿಯ ಬಗ್ಗೆ ನಿರ್ದೇಶಕರು ಪುಸ್ತಿಕೆಯ ಮುನ್ನುಡಿಯಲ್ಲಿ ಒಂದು ಪ್ಯಾರಾ ಬರೆದರು.

* * *

ಡ್ರೈವರ್ ಕಾರಿನ ಬಾಗಿಲು ತೆಗೆದ. ಪರಿಮಳಾ ಎದ್ದು, ನೀರು ಕುಡಿದು ಬರುತ್ತೇನೆಂದು ತಾಯಿಗೆ ಹೇಳಿ ಹಿತ್ತಲಿಗೆ ನಡೆದಳು. ಬೆರಣಿ ಒಟ್ಟಿದ ಕುಳ್ಳಿನ ಗೂಡಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಟನ್ ಫೋನ್ ತೆಗೆದು ನಿರ್ದೇಶಕರಿಗೆ ವಾಪಸ್ ಹಚ್ಚಿದಳು. ಅಪ್ಪ ಮಾಡುತ್ತಿದ್ದಂತೆಯೇ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಮನೆಯಲ್ಲಿ ನಗಲೆಂದು ಎಷ್ಟೋ ಸಲ ಅಪ್ಪನ ಮುಂದೆ ಈ ದನಿ ತೆಗೆದಿದ್ದಳು. ಹೊರಗಿನವರ ಮುಂದೆ ಇದೇ ಮೊದಲು.

ಬಸಲಿಂಗಪ್ಪ ಕೆಮ್ಮಿದ. ಸುದ್ದಿ ತಿಳಿಯಿತು, ಮೈಯಾಗ ಜ್ವರ ಅದ, ಬರಾಕ ಆಗಂಗಿಲ್ರಿ ಎಂದ. ಸುನೀಲಕುಮಾರರು ಕೈಸನ್ನೆಯಿಂದ ಡ್ರೈವರನ್ನು ತಡೆದರು. ಪರಿಮಳಾ ಉಸಿರು ಬಿಟ್ಟಳು.

ಆದರೆ ನಿರ್ದೇಶಕರು ಸಭೆಯ ಮನುಷ್ಯರು. ಬುದ್ಧವಂದನೆಗೆಂದು ಅಂಗಳದಲ್ಲಿ ಮೈಕು, ಮಾಳಿಗೆಯ ಮೇಲೆ ಅದರ ಹಾರ್ನು ಹಚ್ಚಿದ್ದರು. ದ್ಯಾವಪ್ಪನ ತಮ್ಮ, ಮಾಸ್ತರಿಕೆ ಮಾಡುವ ಬುದ್ಧಪ್ರಿಯ, ಮೇಣದಬತ್ತಿ ಹಚ್ಚಿ ತ್ರಿಶರಣಕ್ಕೆ ತಯಾರಾಗಿದ್ದ. ಅವನಿಂದ ಮೈಕು ಇಸಿದುಕೊಂಡು, ಕೊಂಕಲ್‌ನ ಬಸಲಿಂಗಪ್ಪನವರು ಎರಡು ಮಾತಾಡುತ್ತಾರೆ ಎಂದು ಹೇಳಿ, ಮೊಬೈಲನ್ನು ಅದರ ಬಾಯಿಗೆ ಹಿಡಿದರು.

"ದ್ಯಾವಪ್ಪ ಭಾಳ ಛಲೋ ಮನಷಾ ಇದ್ದರಿ," ಎಂದಿತು ಹಾರ್ನು. "ಇಷ್ಟರಿ. ಇಡತೇನಿ."

ಗೋಡೆಗೆ ಒರಗಿ ಕೂತಿದ್ದ ಹೆಂಗಸರು ತಲೆ ತಿರುಗಿಸಿದರು. ಮಾತು ಎರಡು ಸಲ ಬರುತ್ತಿತ್ತು. ಮೊದಲು ಹಿತ್ತಲಿಂದ, ಹಿಂದೆಯೇ ಹಾರ್ನಿನಿಂದ.

"ಇಡಬೇಡಿ," ಎಂದರು ಸುನೀಲಕುಮಾರರು. "ಒಂದು ಪ್ರಶ್ನೆ ಕೇಳದೆ ನೀವು ಯಾವತ್ತೂ ಇಟ್ಟವರಲ್ಲ. ಇವತ್ತೂ ಕೇಳಿ. ದ್ಯಾವಪ್ಪನಿಗೋಸ್ಕರ."

ಹಾರ್ನಿನಲ್ಲಿ ಉಸಿರಾಟ ಕೇಳಿತು.

"ಹನ್ನೆರಡು ವರ್ಷ ಊರ ಮಂದಿಗೆಲ್ಲ ಕುರ್ಚಿ ಹಾಕಿದ ಮನಷಾ," ಎಂದ ಬಸಲಿಂಗಪ್ಪ, "ಸಾಯೂ ಹೊತ್ತಿಗೇನ ಯಾಕ ಕುಂತ? ಮೊದಲ ಒಮ್ಮೆರೆ ಕುಂದರು ಅಂತ ಯಾಕ ಯಾರೂ ಅನಲಿಲ್ಲ? ನೀನರೆ ಯಾಕ..."

ಗೊಗ್ಗರು ದನಿ ಅಲ್ಲಿ ಸೀಳಿತು. ಅದರೊಳಗಿಂದ ಇಪ್ಪತ್ತೆರಡು ವರ್ಷದ ಹುಡುಗಿಯ ದನಿ ಹೊರಬಿತ್ತು.

"ನೀನರೆ ಯಾಕ ಕುಂದರಲಿಲ್ಲೋ ಅಪ್ಪಾ."

ಬುದ್ಧಪ್ರಿಯನ ಕೈಯಲ್ಲಿದ್ದ ಮೇಣದಬತ್ತಿ ಕರಗಿ ಬೆರಳಿಗೆ ಇಳಿಯಿತು. ಸುನೀಲಕುಮಾರರು ಮೊಬೈಲನ್ನು ನೋಡಿದರು, ಹಾರ್ನನ್ನು ನೋಡಿದರು, ಮೈಕನ್ನು ಅಲ್ಲೇ ಬಿಟ್ಟು ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ನಡೆದರು. ಅವರ ಹಿಂದೆ ಬಸ್ಸಮ್ಮ, ಮಸ್ತಾನಬಿ, ಮತ್ತೆ ಅರ್ಧ ಊರು.

ಪರಿಮಳಾ ಕುಳ್ಳಿನ ಗೂಡಿಗೆ ಒರಗಿ ಕೂತಿದ್ದಳು. ಫೋನು ಕಿವಿಯಲ್ಲೇ ಇತ್ತು. ಸುನೀಲಕುಮಾರರ ಮುಖದಲ್ಲಿ ರಕ್ತವಿರಲಿಲ್ಲ. ಒಂಬತ್ತು ವರ್ಷ, ನೂರಕ್ಕೂ ಮೇಲೆ ಪ್ರಶ್ನೆ, ಒಂದು ಪುಸ್ತಿಕೆ, ಒಂದು ಕಾರ್ಡು.

"ಮಣ್ಣ ಆಗೂ ತನಕ ಅಪ್ಪಗ ಸುಳ್ಳಗಾರ ಅನಬ್ಯಾಡ್ರಿ ಸರ್," ಎಂದಳು ಪರಿಮಳಾ. "ಆಮ್ಯಾಲ ಏನರೆ ಅನ್ರಿ. ನನಗ ಅನ್ರಿ."

ಸುನೀಲಕುಮಾರರು ಮೆಲ್ಲಗೆ ಕೇಳಿದರು:

"ನಾರಾಯಣಪುರದ ಗಾಳಿ?"

"ಬಾಯಿಲೆ ಊದಿದ್ದರಿ ಸರ್. ಜಾಲಿಕಂಟಿ ಹಿಂದ ನಿಂತು."

ಬಸ್ಸಮ್ಮ ಮಗಳನ್ನೂ ಫೋನನ್ನೂ ಒಂದೊಂದಾಗಿ ನೋಡಿದಳು. ನಿನ್ನೆಯಿಂದ ಅವಳು ಆಡಿದ ಮೊದಲ ಮಾತು ಅದು.

"ಹಂಗಾರ ಆ ಕೊಂಕಲ್ ಅಣ್ಣಗ ಅಂತ ವರ್ಷಾ ವರ್ಷಾ ನನ್ನ ಕೈಲೆ ರೊಟ್ಟಿಗಂತ ಎರಡೆರಡು ಡಬ್ಬಿ ಶೇಂಗಾ ಹಿಂಡಿ ಕುಟ್ಟಿಸಿ ಒಯ್ಯಾಂವಲ್ಲ, ಅದನ್ನ ತಿಂದಾಂವ ಯಾವ?"

"ಅರ್ಧಾ ನಾ ತಿಂದೀನಿ ಬಸ್ಸಕ್ಕ," ಎಂದಳು ಮಸ್ತಾನಬಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಯಾವುದೋ ಹೆಂಗಸು ಕಿಸಕ್ಕೆಂದಳು. ಬಸ್ಸಮ್ಮನ ಮುಖ ಒಡೆದು ಅಳುವೋ ನಗುವೋ ತಿಳಿಯದಂಥದೊಂದು ಹೊರಗೆ ಬಂತು, ಬಂದದ್ದು ನಿಲ್ಲಲಿಲ್ಲ. ಸುನೀಲಕುಮಾರರು ಮೊದಲು ಕೆಮ್ಮಿದಂತೆ ಮಾಡಿದರು. ಆಮೇಲೆ ಗೋಡೆಗೆ ಕೈಯೂರಿದರು. ಪಂಡಿತರು ಎದ್ದು ನಿಂತದ್ದು, ಜನರೇಟರ್ ಪ್ರತಿ ತಿಂಗಳು ಪ್ರಶ್ನೆಯ ಹೊತ್ತಿಗೇ ಕೈಕೊಟ್ಟದ್ದು, ತಮ್ಮ ಮುನ್ನುಡಿಯ ಆ ಗಾಳಿ, ಎಲ್ಲ ಒಂದರ ಹಿಂದೊಂದು ಬಂದು ಅವರ ಪಕ್ಕೆಗೆ ತಿವಿಯತೊಡಗಿದವು. ಮೈಸೂರಿನ ಆ ಮೆದುಮಾತಿನ ಮನುಷ್ಯ ಹಿತ್ತಲು ಹಾರಿಹೋಗುವಂತೆ ನಕ್ಕರು. ಕಟ್ಟಿದ್ದ ಎಮ್ಮೆ ಗಾಬರಿಯಾಗಿ ಹಗ್ಗ ಜಗ್ಗಿತು. ಅಂಗಳದಲ್ಲಿ ಉಳಿದ ಮುದುಕರು, ಸಾಹೇಬರಿಗೆ ದುಃಖ ತಲೆಗೇರಿತು, ಯಾರಾದರೂ ನೀರು ಕೊಡಿ ಎಂದರು.

ನಾಲ್ಕಕ್ಕೆ ಚಟ್ಟ ಎತ್ತಿದರು. ಬುದ್ಧಪ್ರಿಯ ಮುಂದೆ ನಿಂತು ತ್ರಿಶರಣ ಹೇಳುತ್ತಿದ್ದ. ಎಡಗಡೆಯ ಮುಂದಿನ ಬಿದಿರಿಗೆ ಸುನೀಲಕುಮಾರರು ಕೇಳದೆಯೇ ಹೆಗಲು ಕೊಟ್ಟರು. ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು, ತುಟಿ ಕಚ್ಚಿ ಹಿಡಿದಿದ್ದರು. ಓಣಿಯ ತಿರುವಿನಲ್ಲಿ ಹಿಡಿತ ತಪ್ಪಿತು. ಮತ್ತೆ ನಕ್ಕರು, ಎಲ್ಲರಿಗಿಂತ ಜೋರಾಗಿ. ಅವರ ಹೆಗಲು ಕುಣಿಯಿತು, ಹೆಗಲ ಮೇಲಿನ ಬಿದಿರು ಕುಣಿಯಿತು, ದ್ಯಾವಪ್ಪನ ಹೊಟ್ಟೆಯ ಮೇಲಿದ್ದ ಸೇವಂತಿ ಹೂಗಳು ತಡೆಯಲಾರದೆ ಮೇಲಕ್ಕೆ ಕೆಳಕ್ಕೆ ಅಲುಗುತ್ತ ಒಂದೊಂದಾಗಿ ದಾರಿಗೆ ಉದುರಿದವು.