ಮೂರು ಮುಟ್ಟಿ ಎರಡಕ್ಕೆ

ನನ್ನ ಯಜಮಾನರಿಗೆ ನಾನೊಬ್ಬಳೇ ಹೆಂಡತಿ ಎಂದು ಊರು ನಂಬಿದೆ. ಮನೆಯ ಮುಂದೆ ನಿಂತಿರುವ ನನ್ನ ಸವತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಳಿ ಬಣ್ಣದ ಕಾರು, ಈಗ ಅಲ್ಲಲ್ಲಿ ತುಕ್ಕು. ಇವರು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಆ ಒಂದೇ ಕಾರಿನಲ್ಲಿ ಅರ್ಧ ಊರಿನ ಕೈಗೆ ಸ್ಟೀರಿಂಗ್ ಕೊಟ್ಟವರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಇವರ ಆಯುಸ್ಸು ಕಳೆದಿದೆ. ನಾನೂ ಮದುವೆಯಾದ ಮೇಲೆ ಅದರಲ್ಲೇ ಕಲಿತೆ, ಬೈಸಿಕೊಂಡೇ ಕಲಿತೆ.

ಸವತಿಗೆ ಒಂದು ಚಾಳಿ. ಒಂದನೇ ಗೇರಿನಿಂದ ಎರಡಕ್ಕೆ ನೇರವಾಗಿ ಎಳೆದರೆ ಕರಕರ ಹಲ್ಲು ಕಡಿಯುತ್ತಾಳೆ. ಮೊದಲು ಮೂರನೆಯದನ್ನು ಸುಮ್ಮನೆ ಮುಟ್ಟಿಸಿ ಎರಡಕ್ಕೆ ತಂದರೆ ಮಾತಿಲ್ಲದೆ ಕೂರುತ್ತದೆ. "ಮೂರು ಮುಟ್ಟಿ ಎರಡಕ್ಕೆ ಬನ್ನಿ" ಎಂದು ಇವರು ಬಂದವರಿಗೆಲ್ಲ ಹೇಳಿಕೊಡುತ್ತಿದ್ದರು.

ಹೋದ ತಿಂಗಳು ಕಾರು ಹೊಗೆ ಕಾರತೊಡಗಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಕೈ ಒರೆಸಿಕೊಂಡ.

"ಎಂಜಿನ್ನೂ ಬಿಚ್ಬೇಕು, ಗೇರ್ ಬಾಕ್ಸೂ ಬಿಚ್ಬೇಕು ಮೇಷ್ಟ್ರೇ. ಆಗಲ್ಲ ಅಂತಲ್ಲ. ಆದ್ರೆ ಒಂದ್ಕಡೆ ಹೊಲಿದ್ರೆ ಇನ್ನೊಂದ್ಕಡೆ ಹರಿಯುತ್ತೆ. ಹೊಸದು ತಗೊಂಡ್ಬಿಡಿ."

"ಹರಿದ ಕಡೆಯೆಲ್ಲ ಹೊಲಿ," ಎಂದರು ಇವರು.

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದೆ ನಾನು.

ಇವರು ನಗಲಿಲ್ಲ. ಊಟಕ್ಕೆ ಕೂತಾಗ ಒಳಗಿನ ಮಾತು ಹೊರಬಿತ್ತು. "ಅದು ಹೋದ್ರೆ ನಾನೂ ಕಲಿಸೋದು ಬಿಡ್ತೀನಿ ಕಣೇ. ಅದ್ರ ನಾಡಿ ನಂಗೊಬ್ಬನಿಗೇ ಗೊತ್ತು. ಹೊಸ ಗಾಡೀಲಿ ಯಾರು ಬೇಕಾದ್ರೂ ಕಲಿಸ್ತಾರೆ, ನಾನ್ಯಾಕೆ?"

ಈ ಮನುಷ್ಯ ದಿನವಿಡೀ ಮನೆಯಲ್ಲಿ ಕೂತರೆ, ನಾನು ಒಲೆಯಿಂದ ಸಿಂಕಿನ ಕಡೆ ತಿರುಗುವುದಕ್ಕೂ ಇಂಡಿಕೇಟರ್ ಹಾಕು ಅನ್ನುತ್ತಾರೆ. ತಮಾಷೆ ಇರಲಿ. ನಡುಗುತ್ತ ಬಂದವರು ಒಂದು ದಿನ ತಾವೇ ಗಾಡಿ ಓಡಿಸುವಾಗ ಇವರ ಮುಖಕ್ಕೊಂದು ಕಳೆ ಬರುತ್ತದೆ. ಆ ಕಳೆ ಹೋದರೆ ಇವರು ಬೇಗ ಮುದುಕರಾಗುತ್ತಾರೆಂದು ನನಗೆ ನಿಜಕ್ಕೂ ಭಯವಾಯಿತು.

"ಸುಮ್ನೆ ನೋಡ್ಕೊಂಡು ಬರೋಣ ಬನ್ನಿ, ನೋಡೋದಕ್ಕೇನು," ಎಂದು ಪುಸಲಾಯಿಸಿ ಷೋರೂಮಿಗೆ ಕರೆದೊಯ್ದೆ. ಮುಖ ಊದಿಸಿಕೊಂಡೇ ಬಂದರು. ಅಲ್ಲಿ ಕಾರು ಮಾರುವ ಹೆಂಗಸು ಇವರನ್ನು ಕಂಡದ್ದೇ ಎದ್ದು ನಿಂತಳು. ಹಿಂದೆ ನಮ್ಮ ಸವತಿಯಲ್ಲೇ ಕಲಿತವಳು. "ಮೊದ್ಲು ನಾನ್ ಓಡಿಸಿ ತೋರಿಸ್ತೀನಿ ಮೇಷ್ಟ್ರೇ," ಎಂದು ಹೊಚ್ಚಹೊಸ ಕಾರಿನಲ್ಲಿ ಕೂತಳು. ಇವರು ಪಕ್ಕದಲ್ಲಿ, ನಾನು ಹಿಂದೆ.

ಗೇಟು ದಾಟಿದೆವು. ಅವಳು ಒಂದನೇ ಗೇರಿನಿಂದ ತೆಗೆದು, ಮೂರನ್ನು ಮುಟ್ಟಿಸಿ, ಎರಡಕ್ಕೆ ತಂದಳು.

ಇವರು ಬೆಚ್ಚಿದರು. "ಏನಮ್ಮಾ, ಇದ್ರದ್ದೂ ಗೇರ್ ಬಾಕ್ಸ್ ಕೆಟ್ಟಿದ್ಯಾ?"

"ಇಲ್ವಲ್ಲ. ಯಾಕೆ?"

"ಮತ್ತೆ ಮೂರು ಯಾಕೆ ಮುಟ್ಟಿದೆ?"

"ಎಲ್ಲಾ ಗಾಡೀಲೂ ಹಾಗೇ ತಾನೇ? ನೀವೇ ಹೇಳ್ಕೊಟ್ಟಿದ್ದು!"

ಮುಂದಿನ ತಿರುವಿನಲ್ಲಿ ಅವಳು ಕ್ಲಚ್ ಒತ್ತಿದ್ದೇ ಇವರು ಗೇರನ್ನು ತಾವೇ ಹಿಡಿದು ನೇರವಾಗಿ ಎರಡಕ್ಕೆ ಎಳೆದರು. ಸದ್ದೇ ಇಲ್ಲ. ಮುಗಿಯಿತು, ಊರಿಗೆಲ್ಲ ತಪ್ಪು ಕಲಿಸಿದೆ ಎಂದು ಇವರು ಇಲ್ಲೇ ಇಳಿದು ಮನೆ ಸೇರುತ್ತಾರೆ ಅಂದುಕೊಂಡೆ.

"ಅಯ್ಯೋ," ಎಂದಳು ಅವಳು, "ನಮ್ಮನೆಯವ್ರಿಗೂ ನಾನ್ ಹಾಗೇ ಕಲ್ಸಿದೀನಲ್ಲ ಮೇಷ್ಟ್ರೇ! ಅವ್ರು ಅವ್ರ ತಂಗಿಗೂ ಕಲ್ಸಿದಾರೆ!"

ಇವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಮುಂದಕ್ಕೆ ಬಗ್ಗಿದೆ. ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. "ನೋಡಿದ್ಯೇನೇ, ನಿನ್ ಸವತಿ ಎಲ್ಲೆಲ್ಲಿ ಸಂಸಾರ ಹೂಡಿದಾಳೆ!"

ಅಲ್ಲಿಂದ ನೇರ, ಸವತಿಯನ್ನು ಬಿಟ್ಟಿದ್ದ ಗ್ಯಾರೇಜಿಗೆ ಹೋದೆವು. ಇವರು ಸವತಿಯ ಬಾಗಿಲು ತೆಗೆದು, ಬಗ್ಗಿ, ತಮ್ಮ ಕಾಲಡಿಯ ಬ್ರೇಕಿನ ಪೆಡಲನ್ನು ತಡವಿದರು. ರಬ್ಬರು ಸವೆದು ಇವರ ಬೂಟಿನ ಅಚ್ಚು ಮೂಡಿತ್ತು.

"ಇದನ್ನ ಬಿಚ್ಚಿ ಹೊಸ ಗಾಡಿಗೆ ಹಾಕೋಕಾಗುತ್ತೇನಯ್ಯಾ?"

"ಅಲ್ಪ ಸ್ವಲ್ಪ ತಿದ್ದಿದ್ರೆ ಕೂರುತ್ತೆ," ಎಂದ ಮೆಕ್ಯಾನಿಕ್. "ಆದ್ರೆ ಹೊಸ ಪೆಡಲೇ ಸಿಗುತ್ತಲ್ಲ."

"ಇದೇ ಇರ್ಲಿ. ನನ್ ಕಾಲಿಗೆ ಇದೇ ಗೊತ್ತು."

ಕಲಿಸುವುದನ್ನು ಬಿಡುವವರು ಬ್ರೇಕಿನ ವಿಚಾರ ಕೇಳುವುದಿಲ್ಲ. ನನ್ನ ಎದೆ ಹಗುರಾಯಿತು. "ಅಂತೂ ನಮ್ಗೆಲ್ಲ ಹಳೇ ಗಂಡನ ಪಾದವೇ ಗತಿ," ಎಂದೆ. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ನಕ್ಕ.

ಹೊಸ ಕಾರು ಬಂದ ದಿನ ನಾನೇ ಮೊದಲು ಸ್ಟೀರಿಂಗ್ ಹಿಡಿದೆ. ಇವರು ಪಕ್ಕದಲ್ಲಿ, ಹಳೆಯ ಪೆಡಲಿನ ಮೇಲೆ ಪಾದ ಇಟ್ಟುಕೊಂಡು. "ಎರಡು ನೇರ ಹಾಕು, ಮೂರು ಮುಟ್ಬೇಡ," ಎಂದು ಗೇಟಿನಿಂದಲೇ ಶುರು ಮಾಡಿದರು. ಕೈ ಕೇಳಬೇಕಲ್ಲ! ಮೂರು ಮುಟ್ಟಿಯೇ ಎರಡಕ್ಕೆ ಬಂತು.

"ಇನ್ನು ಊರಿಗೆಲ್ಲ ಮೊದ್ಲಿಂದ ಕಲಿಸ್ಬೇಕು," ಎಂದು ಗೊಣಗಿದರು. ಓರೆಗಣ್ಣಲ್ಲಿ ನೋಡಿದೆ. ಮುಖದಲ್ಲಿ ಆ ಕಳೆ ಇತ್ತು.

"ನನ್ನಿಂದ್ಲೇ ಶುರು ಮಾಡಿ," ಎಂದು ಇಂಡಿಕೇಟರ್ ಹಾಕಿ, ಇನ್ನೊಂದು ಸುತ್ತಿಗೆ ಕಾರು ತಿರುಗಿಸಿದೆ.